ತಗ್ಗಿಂದಮ್ಮಾ

ಎಂಬತ್ತರ ದಶಕದ ನಡುವಿನಲ್ಲಿ, ಶ್ರೀನಿವಾಸಪುರದ ಹೊರಗೆ ಮುಳಬಾಗಿಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಮಾವಿನಹಣ್ಣಿನ ಕಾರ್ಖಾನೆಯೊಂದರಲ್ಲಿ ನಾನು ಮೂರು ಸೀಸನ್ ಕೆಲಸ ಮಾಡಿದೆ. ಮೊದಲ ಎರಡು ಸೀಸನ್ ಹಣ್ಣಿನ ರಸ ಕುದಿಸಿ ತಗಡಿನ ಡಬ್ಬಿಗೆ ತುಂಬುವ ಕೆಲಸ. ಮೂರನೆಯ ವರ್ಷ ನಮ್ಮ ಯಜಮಾನರ ತಲೆಗೆ ಹೊಸ ಹುಳು ಹೊಕ್ಕಿತು. ಬಾದಾಮಿ ಮಾವಿನ ಸಿಪ್ಪೆ ತೆಗೆದು, ಹೋಳು ಮಾಡಿ, ಕಲ್ಲಿನ ಹಾಗೆ ಗಟ್ಟಿಯಾಗುವಷ್ಟು ಚಳಿಯಲ್ಲಿಟ್ಟು, ಮದರಾಸಿನ ಬಂದರಿನಿಂದ ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವುದು ಅವರ ಯೋಚನೆ. ಸಮುದ್ರದ ಮಾತು ಬಿಡಿ, ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಕಾರ್ಖಾನೆಯಲ್ಲಿದ್ದ ಐವತ್ತು ಜನರಲ್ಲಿ ತಿರುಪತಿ ನೋಡದವರು ಯಾರೂ ಇರಲಿಲ್ಲ, ಸಮುದ್ರ ನೋಡಿದವರು ಯಜಮಾನರೊಬ್ಬರೇ.

ಯಜಮಾನರು ಮಾಲೂರಿನವರು. ಅವರ ಅಪ್ಪನ ಕಾಲದಿಂದ ಹೆಂಚು ಸುಡುವ ಮನೆತನ. ಬೆಂಕಿಯ ಕೆಲಸ ಅವರಿಗೆ ಹುಟ್ಟಿನಿಂದ ಗೊತ್ತಿತ್ತು, ಚಳಿಯ ಕೆಲಸ ಗೊತ್ತಿರಲಿಲ್ಲ. ಅದಕ್ಕೇ ಇಬ್ಬರನ್ನು ನಂಬಿದ್ದರು. ಒಬ್ಬಳು ನಾನು. ಸುಗಟೂರಿನ ತರಕಾರಿ ಬೆಳೆಯುವ ಮನೆಯ ಹುಡುಗಿ, ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳು, ಇಪ್ಪತ್ಮೂರು ವರ್ಷದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು. ಇನ್ನೊಬ್ಬರು ಚಳಿ ಹುಟ್ಟಿಸುವ ಮಿಷನ್ ಮನೆಯ ಮೇಸ್ತ್ರಿ. ಅವರಿಗೆ ಐವತ್ತು ದಾಟಿತ್ತು. ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು. ಕೋಲಾರದ ಐಸ್ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಅಮೋನಿಯಾ ಗ್ಯಾಸಿನ ವಾಸನೆಯಲ್ಲೇ ಮಿಷನ್ನಿನ ಆರೋಗ್ಯ ಹೇಳಬಲ್ಲವರಾಗಿದ್ದರು. ಮನೆಮಾತು ತೆಲುಗು. ನಮ್ಮ ಜೊತೆ ಕನ್ನಡ. ಗಾಬರಿಯಾದರೆ ಎರಡೂ ಕಲಸಿ ಬರುತ್ತಿತ್ತು. ಅವರೂ ಅವರ ಹೆಂಡತಿಯೂ ಕಾಂಪೌಂಡಿನ ಮೂಲೆಯಲ್ಲಿ ಕಾರ್ಖಾನೆಯವರೇ ಕೊಟ್ಟಿದ್ದ ಶೀಟಿನ ಮನೆಯಲ್ಲಿ ಇದ್ದರು. ಹೆಂಡತಿ ಹಣ್ಣು ಹೆಚ್ಚುವ ಮೇಜಿನಲ್ಲಿ ಕೂರುತ್ತಿದ್ದರು. ಗಂಡನ ಕೆಲಸ ಹೋದರೆ ಹೆಂಡತಿಯದೂ ಹೋದಂತೆ, ಮನೆಯೂ ಹೋದಂತೆ. ಊರಲ್ಲಿ ಇದ್ದ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದಿದ್ದರು.

ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗ ನನಗೆ ಕೋಪ ಮೂಗಿನ ತುದಿಯಲ್ಲಿತ್ತು. ಅದರ ಮೇಲೆ ಓದಿದವಳೆಂಬ ಜಂಬ ಬೇರೆ. ಯಾರಾದರೂ ತಪ್ಪು ಮಾತಾಡಿದರೆ ತಿದ್ದದೆ ಇದ್ದರೆ ಅನ್ನ ಸೇರುತ್ತಿರಲಿಲ್ಲ. ಹೆಚ್ಚುವ ಮೇಜಿನ ಹೆಂಗಸರು ನನಗೆ ಇಂಗ್ಲಿಷಮ್ಮ ಎಂದು ಹೆಸರಿಟ್ಟಿದ್ದರು. ನನ್ನೆದುರಿಗೆ ಮೇಡಂ, ಬೆನ್ನು ತಿರುಗಿಸಿದರೆ ಇಂಗ್ಲಿಷಮ್ಮ. ಅದು ನನಗೆ ಒಳಗೊಳಗೇ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಚಳಿ ರೂಮಿನಲ್ಲಿ ಉಷ್ಣಾಂಶ ಸದಾ ಮೈನಸ್ ಹದಿನೆಂಟು ಇರಬೇಕು. ಅದಕ್ಕಿಂತ ಬಿಸಿಯಾದರೆ ಹೋಳು ಮೆತ್ತಗಾಗಿ, ರಸ ಬಿಟ್ಟು, ಬಣ್ಣ ಕಪ್ಪಾಗುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಕಳಿಸುವಂತಿಲ್ಲ, ತಿಂದವರ ಹೊಟ್ಟೆ ಕೆಡಬಹುದು. ಅದಕ್ಕೊಂದು ರಿಜಿಸ್ಟರ್ ಇತ್ತು. ನಾನು ಗಂಟೆಗೊಂದು ಸಲ ಅಂಗಳ ದಾಟಿ ಮಿಷನ್ ಮನೆಗೆ ಹೋಗಿ, ಗೋಡೆಯ ಮೇಲಿದ್ದ ದುಂಡನೆಯ ಮೀಟರು ನೋಡಿ, ಕಂಡದ್ದನ್ನು ಬರೆದು ಸಹಿ ಹಾಕಬೇಕು. ರಫ್ತಿನ ತನಿಖೆಯವರು ಹಣ್ಣನ್ನು ನೋಡುವುದಕ್ಕೆ ಮೊದಲು ಆ ರಿಜಿಸ್ಟರನ್ನು ನೋಡುತ್ತಿದ್ದರು.

ಕಾರ್ಖಾನೆಯ ಜನಕ್ಕೆ ಮೈನಸ್ ಎಂಬ ಮಾತು ಬೇಕಾಗಿರಲಿಲ್ಲ. ರೂಮು ಹತ್ತರಿಂದ ಹದಿನೆಂಟಕ್ಕೆ ಹೋದರೆ ಅವರ ಪಾಲಿಗೆ ಚಳಿ ಏರಿತು. ಹತ್ತಕ್ಕಿಂತ ಹದಿನೆಂಟು ದೊಡ್ಡದಲ್ಲವೇ? ಮೇಸ್ತ್ರಿಯೂ ಹಾಗೇ ಹೇಳುತ್ತಿದ್ದರು. ಸೀಸನ್ನಿನ ಮೊದಲ ವಾರ ಒಂದು ಬೆಳಿಗ್ಗೆ ಹೆಚ್ಚುವ ಮೇಜಿನ ಹತ್ತಿರ ನಿಂತು, ಬೆವರು ಒರೆಸಿಕೊಳ್ಳುತ್ತಾ, ನಗುನಗುತ್ತಾ ಹೇಳಿದರು:

"ಏರ್ತಾ ಐತಮ್ಮಾ. ಹದಿನೆಂಟು ಮುಟ್ತು."

ನಾನು ಬಿಡಲಿಲ್ಲ. "ಏರಿದ್ರೆ ಹಣ್ಣು ಕೊಳೆಯುತ್ತೆ ಮೇಸ್ತ್ರಿ. ಉಷ್ಣಾಂಶ ಏರೋದಲ್ಲ, ಇಳಿಯೋದು. ತಗ್ಗಿದೆ ಅನ್ಬೇಕು."

ಅವರಿಗೆ ಅರ್ಥವಾಗಲಿಲ್ಲ. ನಾನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಬಾವಿ ಬರೆದೆ. ನೆಲದ ಮಟ್ಟ ಸೊನ್ನೆ, ಅದರ ಕೆಳಗೆ ಹದಿನೆಂಟು ಮೆಟ್ಟಿಲು. ಕೆಳಕ್ಕೆ ಹೋದಷ್ಟೂ ತಗ್ಗು ಎಂದೆ. ಅವರು ಕುಕ್ಕರುಗಾಲಲ್ಲಿ ಕೂತು ಆ ಮೆಟ್ಟಿಲುಗಳನ್ನು ಬೆರಳಿನಿಂದ ಎಣಿಸಿದರು.

"ಅಂಗಾದ್ರೆ ಹದಿನೆಂಟಕ್ಕಿಂತ ಹತ್ತು ಜಾಸ್ತೀನಾ ಅಮ್ಮಾ?"

"ಹೂಂ, ಜಾಸ್ತಿ."

ಮೇಜಿನ ಸುತ್ತ ಇದ್ದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಒಬ್ಬಳು, "ಅಯ್ಯೋ, ಹಂಗಾದ್ರೆ ನನಗೆ ಹದಿನೆಂಟು ಹಣ್ಣು ಬೇಡ, ಹತ್ತೇ ಕೊಡಿ ಮೇಡಂ!" ಎಂದಳು. ಅವರು ನಕ್ಕದ್ದು ನನ್ನ ಲೆಕ್ಕಕ್ಕೆ. ನಾನು ತಿಳಿದುಕೊಂಡದ್ದು ಮೇಸ್ತ್ರಿಯ ದಡ್ಡತನಕ್ಕೆ ಎಂದು. ಮೇಸ್ತ್ರಿಯೂ ಹಾಗೇ ತಿಳಿದುಕೊಂಡರು. ಅವರ ಕಿವಿ ಕೆಂಪಾಯಿತು. ಹೆಂಡತಿ ತಲೆ ತಗ್ಗಿಸಿ ಹೋಳು ಮಾಡುತ್ತಿದ್ದರು. ಅಷ್ಟಕ್ಕೆ ನಿಲ್ಲಿಸದೆ ನಾನು, "ಎಲ್ಲಿ, ಒಂದು ಸಲ ಹೇಳಿ, ತಗ್ಗಿದೆ ಅಂತ," ಎಂದೆ. ಅಪ್ಪನ ವಯಸ್ಸಿನವರು ಮೇಷ್ಟರ ಮುಂದೆ ನಿಂತ ಮಗುವಿನ ಹಾಗೆ ಹೇಳಿದರು.

ಅವತ್ತಿನಿಂದ ಅವರು ನನ್ನೆದುರು ಏರಿದೆ ಎಂಬ ಮಾತನ್ನೇ ಆಡಲಿಲ್ಲ.

ಮೊದಲ ಲಾರಿ ಹೊರಡಬೇಕಾಗಿದ್ದ ದಿನ ಬಂತು. ಮದರಾಸಿನ ಕಡೆ ಸಿಗಡಿ ಸಾಗಿಸುವ ಒಂದು ಚಳಿ ಲಾರಿಯನ್ನು ಗೊತ್ತು ಮಾಡಿದ್ದರು. ಸಂಜೆ ನಾಲ್ಕಕ್ಕೆ ಅದು ಬರುತ್ತದೆ, ತುಂಬಿಸಿಕೊಂಡು ಹೊರಟರೆ ಮಾರನೆಯ ಬೆಳಿಗ್ಗೆ ಬಂದರು. ಹಡಗು ಹೊರಡುವುದಕ್ಕೆ ಎರಡೇ ದಿನ ಉಳಿದಿತ್ತು. ಒಂದು ತಿಂಗಳು ಐವತ್ತು ಜನ ಹೆಚ್ಚಿದ ಹಣ್ಣು ಚಳಿ ರೂಮಿನಲ್ಲಿತ್ತು. ಯಜಮಾನರು ಲಾರಿಯನ್ನು ದಾರಿಯಲ್ಲೇ ಕೂಡಿಕೊಂಡು ಕರೆತರುತ್ತೇನೆಂದು ಬೆಳಿಗ್ಗೆಯೇ ಮುಳಬಾಗಿಲಿಗೆ ಹೋದರು. ಹೋಗುವಾಗ ನನ್ನನ್ನು ಕರೆದು, "ಇವತ್ತು ಎಲ್ಲಾ ನಿನ್ನ ಮೇಲೆ ಕಣಮ್ಮಾ," ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ.

ಹನ್ನೊಂದೂ ಕಾಲಿಗೆ ಕರೆಂಟು ಹೋಯಿತು. ಬೇಸಿಗೆಯಲ್ಲಿ ಅದೇನೂ ಹೊಸದಲ್ಲ. ಬಾಗಿಲು ಮುಚ್ಚಿದ್ದರೆ ಚಳಿ ರೂಮು ಎರಡು ಮೂರು ಗಂಟೆ ತಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾದರೆ ಡೀಸೆಲ್ ಜನರೇಟರ್ ಹಾಕಬೇಕು. ಡೀಸೆಲ್ ಸುಲಭವಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಯಜಮಾನರೋ ನಾನೋ ಹೇಳದೆ ಮೇಸ್ತ್ರಿ ಜನರೇಟರ್ ಮುಟ್ಟಬಾರದು ಎಂದು ಕಟ್ಟಪ್ಪಣೆ ಇತ್ತು.

ಆದರೆ ಅವತ್ತು ಬಾಗಿಲು ಮುಚ್ಚಿರಲಿಲ್ಲ. ರಟ್ಟಿನ ಪೆಟ್ಟಿಗೆಗಳ ಮೇಲೆ ಹಾಕಿದ್ದ ಬಂದರಿನ ಗುರುತು ತಪ್ಪಾಗಿದೆ ಎಂದು ಬೆಳಿಗ್ಗೆ ನನಗೇ ಹೊಳೆದಿತ್ತು. ನಾಲ್ಕು ಹೆಂಗಸರನ್ನು ಕರೆದು ಒಂದೊಂದೇ ಪೆಟ್ಟಿಗೆ ಹೊರಗೆ ತಂದು ಅಚ್ಚು ತಿದ್ದಿ ಒಳಗಿಡಿ ಎಂದು ಹೇಳಿದ್ದೆ. ಕರೆಂಟು ಹೋದಮೇಲೆ ಆ ಕೆಲಸ ನಿಲ್ಲಿಸಿ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಅದೇ ಅಚ್ಚಿನ ತಪ್ಪು ಕಾಗದಗಳಲ್ಲೂ ಇತ್ತು. ನಾನು ಆಫೀಸಿನಲ್ಲಿ ಕೂತು ಐದು ಪ್ರತಿಗೆ ನಾಲ್ಕು ಕಾರ್ಬನ್ ಇಟ್ಟು ಎಲ್ಲವನ್ನೂ ಮತ್ತೆ ಟೈಪು ಮಾಡುತ್ತಿದ್ದೆ. ಒಂದಕ್ಷರ ತಪ್ಪಿದರೆ ಐದು ಹಾಳೆಯೂ ಹರಿದು ಬಿಸಾಡಬೇಕು. ಫ್ಯಾನಿಲ್ಲ. ಬೆವರಿನ ಹನಿ ಕಾಗದದ ಮೇಲೆ ಬೀಳಬಾರದೆಂದು ಹಣೆಗೆ ಕರವಸ್ತ್ರ ಕಟ್ಟಿಕೊಂಡಿದ್ದೆ. ಎರಡು ಸಲ ಹರಿದು ಬಿಸಾಡಿ, ಮೂರನೆಯ ಸಲ ಶುರು ಮಾಡಿದಾಗ ಗಂಟೆ ಹನ್ನೆರಡಾಗಿತ್ತು. ಮಿಷನ್ ಮನೆಗೆ ಹೋಗಿ ಮೀಟರು ನೋಡುವ ಹೊತ್ತು.

ಎದ್ದು ಹೋಗಬೇಕೆನ್ನುವಷ್ಟರಲ್ಲಿ ಮೇಸ್ತ್ರಿಯೇ ಬಾಗಿಲಿಗೆ ಬಂದರು. ಬಂದದ್ದು ಚಪ್ಪಲಿಯ ಸದ್ದಿನಿಂದ ಗೊತ್ತಾಯಿತು.

"ತಗ್ಗಿಂದಮ್ಮಾ," ಎಂದರು.

ತಗ್ಗಿದೆ ಎಂಬುದಕ್ಕೆ ತೆಲುಗು. ಅಷ್ಟು ತೆಲುಗು ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಉಷ್ಣಾಂಶ ತಗ್ಗಿದೆ, ಬಾವಿಯ ಕೆಳಗಿನ ಮೆಟ್ಟಿಲಲ್ಲಿದೆ ಎಂದು ನಾನು ಕೇಳಿಸಿಕೊಂಡೆ. ಕಡೆಗೂ ಪಾಠ ತಲೆಗೆ ಹತ್ತಿತಲ್ಲ ಎಂದು ಸಮಾಧಾನವೂ ಆಯಿತು.

"ಒಳ್ಳೇದಾಯ್ತು ಬಿಡಿ," ಎಂದೆ. ರಿಜಿಸ್ಟರ್ ಪಕ್ಕದಲ್ಲೇ ಇತ್ತು. ಹನ್ನೆರಡು ಗಂಟೆ, ಮೈನಸ್ ಹದಿನೆಂಟು ಎಂದು ಬರೆದು ಸಹಿ ಹಾಕಿದೆ.

ಒಂದು ಗಂಟೆಗೆ ಮತ್ತೆ ಬಂದರು.

"ಇಂಕಾ ತಗ್ಗಿಂದಮ್ಮಾ." ಇನ್ನೂ ತಗ್ಗಿದೆ.

"ಹೂಂ, ಹೂಂ, ಕೇಳಿಸ್ತು." ಟೈಪಿನ ಸಾಲು ತಪ್ಪಬಾರದೆಂದು ಬೆರಳಿಟ್ಟುಕೊಂಡೇ, ಇನ್ನೊಂದು ಕೈಯಲ್ಲಿ ಮೈನಸ್ ಹದಿನೆಂಟು ಎಂದು ಬರೆದೆ.

ಎರಡು ಗಂಟೆಗೆ ಮೂರನೆಯ ಸಲ. ಈ ಬಾರಿ ಅವರು ಒಳಗೇ ಬಂದು ಮೇಜಿನ ಎದುರು ನಿಂತರು. "ಶಾನಾ ತಗ್ಗಿಂದಮ್ಮಾ. ಜನರೇಟರ್ ಹಾಕ್ಲಾ?"

ಬಹಳ ತಗ್ಗಿದೆ, ಜನರೇಟರ್ ಹಾಕಲೇ ಎನ್ನುತ್ತಿದ್ದಾರೆ. ನನಗೆ ರೇಗಿತು. ಕೊನೆಯ ಕಾಗದದ ಕೊನೆಯ ಸಾಲಿನಲ್ಲಿದ್ದೆ.

"ತಗ್ಗಿದ ಮೇಲೆ ಜನರೇಟರ್ ಯಾಕೆ ಮೇಸ್ತ್ರಿ? ಡೀಸೆಲ್ ಏನು ಬಿಟ್ಟಿ ಬರುತ್ತಾ? ಹೋಗಿ, ನನ್ನ ಕೆಲಸ ಕೆಡಿಸಬೇಡಿ."

ಅವರು ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಚಪ್ಪಲಿಯ ಸದ್ದು ದೂರವಾಯಿತು. ನಾನು ರಿಜಿಸ್ಟರ್ ಎಳೆದುಕೊಂಡು, ಬಹಳ ತಗ್ಗಿದೆ ಎಂದರಲ್ಲ ಎಂದು, ಎರಡು ಗಂಟೆಯ ಎದುರಿಗೆ ಮೈನಸ್ ಹತ್ತೊಂಬತ್ತು ಎಂದು ಬರೆದೆ. ಕರೆಂಟಿಲ್ಲದ ಮಿಷನ್ನು ಹದಿನೆಂಟರಿಂದ ಹತ್ತೊಂಬತ್ತಕ್ಕೆ ಇಳಿಯುವುದು ಹೇಗೆ ಎಂದು ಬಿ.ಎಸ್ಸಿ. ಓದಿದ ತಲೆಗೆ ಹೊಳೆಯಲಿಲ್ಲ.

ಮೂರು ಗಂಟೆಗೂ ಹೋಗಲಿಲ್ಲ. ಆ ಸಾಲು ಖಾಲಿ ಉಳಿಯಿತು. ಮೂರೂವರೆಗೆ ಕರೆಂಟು ಬಂತು, ನಾಲ್ಕಕ್ಕೆ ಲಾರಿ.

ಲಾರಿಯ ಹಿಂದಿನ ಬಾಗಿಲು ತೆರೆದಾಗ ಒಳಗಿನಿಂದ ಸಿಗಡಿಯ ವಾಸನೆ ಗಪ್ಪೆಂದು ಬಂತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಸಮುದ್ರ ಅಂದ್ರೆ ಇಂಗೇ ನಾರ್ತದೇನೇ?" ಎಂದು ಒಬ್ಬಳು ಕೇಳಿದಳು. ಹಾಗೆ ನಗುತ್ತಲೇ ಸೀಗೆಪುಡಿ, ನಿಂಬೆಸಿಪ್ಪೆ ಹಾಕಿ ಬಕೆಟ್ಟುಗಟ್ಟಲೆ ನೀರು ಹೊಯ್ದು ಲಾರಿಯ ಹೊಟ್ಟೆ ತೊಳೆದರು. ಯಜಮಾನರು ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಲಾರಿಯ ಮುಂದಿನ ಗಾಜಿಗೆ ತಾವೇ ಕುಂಕುಮ ಹಚ್ಚಿದರು. ಐವತ್ತು ಜನರೂ ಅಂಗಳದಲ್ಲಿದ್ದರು. ನಾನು ಐದು ಪ್ರತಿ ಕಾಗದವನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ.

ಮೊದಲ ಪೆಟ್ಟಿಗೆ ಹೊರಗೆ ಬಂತು. ಡ್ರೈವರ್ ಮದರಾಸಿನವನು, ಹತ್ತು ವರ್ಷದಿಂದ ಸಿಗಡಿ ಸಾಗಿಸುತ್ತಿದ್ದವನು. ಅವನು ಪೆಟ್ಟಿಗೆಯನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಅದರ ಮೂಲೆಯನ್ನು ಒತ್ತಿದ. ಇನ್ನೊಂದು ಮೂಲೆ ಒತ್ತಿದ. ಎರಡನೆಯ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ಅಂಗೈ ತಿರುಗಿಸಿ ಯಜಮಾನರಿಗೆ ತೋರಿಸಿದ. ಅಂಗೈ ಹಳದಿಯಾಗಿತ್ತು.

"ಸಾರ್, ಇದು ಕರಗಿದೆ ಸಾರ್."

ಮೀಟರು ನೋಡಲು ಎಲ್ಲರೂ ಮಿಷನ್ ಮನೆಗೆ ಓಡಿದರು. ನಾನೂ ಓಡಿದೆ. ಮುಳ್ಳು ಮೈನಸ್ ಏಳರ ಮೇಲೆ ನಿಂತಿತ್ತು. ಹದಿನೆಂಟು ಇರಬೇಕಾದ ಕಡೆ ಏಳು. ಆ ಕ್ಷಣದಲ್ಲಿ ನನಗೆ ಅರ್ಥವಾಯಿತು. ತಗ್ಗಿದ್ದು ಉಷ್ಣಾಂಶವಲ್ಲ, ಚಳಿ. ಹದಿನೆಂಟಿದ್ದದ್ದು ಹದಿನೈದಾಯಿತು, ಹನ್ನೆರಡಾಯಿತು, ಇನ್ನೂ ಕೆಳಗೆ ಬಂತು. ಚಳಿ ತಗ್ಗುತ್ತಿದೆ ಎಂದು ಹೇಳಲು ಅವರು ಮೂರು ಸಲ ಅಂಗಳ ದಾಟಿ ಬಂದಿದ್ದರು. ಏನು ತಗ್ಗಿತು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಮ್ಮ ಎರಡು ಭಾಷೆಯಲ್ಲೂ ಯಾವುದು ಎಂದು ಬಾಯಿಬಿಟ್ಟು ಹೇಳದೆಯೂ ಮಾತು ಪೂರ್ತಿಯಾಗುತ್ತದೆ.

ಯಜಮಾನರು ಕೂಗಾಡಲಿಲ್ಲ. "ರಿಜಿಸ್ಟರ್ ತಗೊಂಡು ಬಾಮ್ಮಾ," ಎಂದರು. ತಂದುಕೊಟ್ಟೆ. ಲಾರಿಯ ಪಕ್ಕದಲ್ಲಿ ನಿಂತು, ಎಲ್ಲರ ಎದುರಿಗೆ, ಬೆರಳಿಟ್ಟುಕೊಂಡು ಓದಿದರು. ಹನ್ನೆರಡಕ್ಕೆ ಹದಿನೆಂಟು. ಒಂದಕ್ಕೆ ಹದಿನೆಂಟು. ಎರಡಕ್ಕೆ ಹತ್ತೊಂಬತ್ತು. ಓದಿ ಮೇಸ್ತ್ರಿಯ ಕಡೆ ತಿರುಗಿದರು.

"ಎರಡು ಗಂಟೆಗೆ ಹತ್ತೊಂಬತ್ತಿದೆ. ಕರೆಂಟು ಇಲ್ದಾಗಲೇ ಸರಿಯಾಗಿತ್ತು, ಬಂದ್ಮೇಲೆ ಏಳಾಗಿದೆ. ಏನ್ ಮಾಡ್ದೆ ಅದಕ್ಕೆ? ಯಾವ ವಾಲ್ವು ತಿರುಗಿಸ್ದೆ?"

"ನಾನೇನೂ ಮುಟ್ಟಲಿಲ್ಲ ಸಾರ್. ಅಮ್ಮಗೆ ಹೇಳ್ದೆ."

"ಏನಂತ ಹೇಳ್ದೆ?"

"ತಗ್ಗಿದೆ ಅಂತ ಹೇಳ್ದೆ ಸಾರ್."

"ತಗ್ಗಿದ್ರೆ ಒಳ್ಳೇದಲ್ವೇನಯ್ಯಾ! ತಗ್ಗಿದೆ ಅಂತ ನೀನೇ ಹೇಳಿದೀಯ, ಅವಳು ಬರ್ದಿದಾಳೆ."

ಮೇಸ್ತ್ರಿಯಲ್ಲಿದ್ದದ್ದು ಎರಡೇ ಮಾತು. ಏರಿದೆ ಎಂಬುದನ್ನು ನಾನು ಕಿತ್ತುಕೊಂಡಿದ್ದೆ. ತಗ್ಗಿದೆ ಎಂಬುದು ಈಗ ಅವರಿಗೇ ತಿರುಗಿ ಬಿದ್ದಿತ್ತು. ಅವರು ನನ್ನ ಕಡೆ ನೋಡಿದರು. ನಾನು ಲಾರಿಯ ಚಕ್ರದ ಕಡೆ ನೋಡಿದೆ.

ಆ ಹೊತ್ತಿನಲ್ಲಿ ನಾನು ಏನು ಯೋಚಿಸಿದೆ ಎಂದು ಸುಳ್ಳು ಹೇಳುವುದಿಲ್ಲ. ಸುಮ್ಮನಿದ್ದರೆ ತಪ್ಪಿಸಿಕೊಳ್ಳಬಹುದು ಎಂದು ಯೋಚಿಸಿದೆ. ಸಹಿ ನನ್ನದಾದರೂ ಮಾತು ಅವರದಲ್ಲವೇ ಎಂದುಕೊಂಡೆ. ಬಿಸಿಯಾಗಿದೆ ಎಂದು ನೆಟ್ಟಗೆ ಹೇಳಲು ಈ ಮನುಷ್ಯನಿಗೇನು ದಾಡಿಯಾಗಿತ್ತು ಎಂದು ಅವರ ಮೇಲೇ ಸಿಟ್ಟು ಬಂತು. ಭಯವಾದಾಗಲೂ ನನಗೆ ಮೊದಲು ಬರುವುದು ಸಿಟ್ಟೇ.

"ನಾಳೆ ಬೆಳಿಗ್ಗೆ ಮನೆ ಖಾಲಿ ಮಾಡಯ್ಯಾ," ಎಂದರು ಯಜಮಾನರು. "ಗಂಡ ಹೆಂಡ್ತಿ ಇಬ್ಬರೂ."

ಹೆಂಗಸರ ಗುಂಪಿನಿಂದ ಮೇಸ್ತ್ರಿಯ ಹೆಂಡತಿ ಮುಂದೆ ಬಂದರು. ಮೊಣಕೈವರೆಗೂ ಮಾವಿನ ರಸ ಒಣಗಿತ್ತು. ಅವರು ಯಜಮಾನರಿಗೆ ಕೈಮುಗಿಯಲಿಲ್ಲ, ಅಳಲಿಲ್ಲ. ನೇರವಾಗಿ ನನ್ನ ಎದುರಿಗೆ ಬಂದು ನಿಂತರು, ಅಷ್ಟೇ.

"ಸಾರ್," ಎಂದೆ. "ಮೇಸ್ತ್ರಿ ಸರಿಯಾಗೇ ಹೇಳಿದ್ರು. ಚಳಿ ತಗ್ಗಿದೆ ಅಂತ ಹೇಳಿದ್ರು. ಜನರೇಟರ್ ಹಾಕ್ಲಾ ಅಂತಾನೂ ಕೇಳಿದ್ರು, ನಾನೇ ಬೇಡ ಅಂದೆ. ಮೀಟರು ನಾನು ನೋಡ್ಲೇ ಇಲ್ಲ. ಆಫೀಸಲ್ಲೇ ಕೂತು ಬರೆದೆ."

ಯಜಮಾನರು ನನ್ನನ್ನು ಆಫೀಸಿನೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಬೈಯುತ್ತಾರೆಂದು ಕಾದೆ. ಅವರು ಕೂತರು, ನನಗೂ ಕೂರಲು ಹೇಳಿದರು.

"ನೋಡಮ್ಮಾ, ಈಗ ನೀನು ಅಂದಿದ್ದು ಅಲ್ಲಿಗೇ ಮುಗೀತು. ಕರೆಂಟು ಬಂದಿದೆ. ನಾಳೆ ಬೆಳಿಗ್ಗೆ ಹೊತ್ತಿಗೆ ಹಣ್ಣು ಮತ್ತೆ ಕಲ್ಲಾಗುತ್ತೆ. ಡ್ರೈವರ್ ಕಾಯ್ತಾನೆ, ಹಡಗೂ ಸಿಗುತ್ತೆ. ರಿಜಿಸ್ಟರ್‌ನಲ್ಲಿ ಎಲ್ಲಾ ಸರಿಯಾಗಿದೆ. ಮೂರು ಗಂಟೆದು ಖಾಲಿ ಇದೆ, ಅದೊಂದು ತುಂಬು."

"ಮೇಸ್ತ್ರಿ?"

"ಐವತ್ತು ಜನ ನೋಡಿದ್ದಾರೆ. ಯಾರೋ ಒಬ್ಬರ ತಪ್ಪು ಅಂತ ಆಗ್ಬೇಕಲ್ಲಮ್ಮಾ. ನಿನ್ನ ತಪ್ಪು ಅಂದ್ರೆ ರಿಜಿಸ್ಟರ್ ಸುಳ್ಳು. ರಿಜಿಸ್ಟರ್ ಸುಳ್ಳು ಅಂದ್ರೆ ಹಣ್ಣು ಹೋಗಲ್ಲ. ಅವನ ತಪ್ಪು ಅಂದ್ರೆ ಹಣ್ಣು ಹೋಗುತ್ತೆ."

ಅವರು ಕೆಟ್ಟವರಲ್ಲ. ಒಂದು ತಿಂಗಳ ಕೆಲಸ ಕಣ್ಣೆದುರೇ ನೀರಾಗುತ್ತಿದ್ದ ಮನುಷ್ಯ. ಪೆನ್ನನ್ನು ಅವರೇ ತೆಗೆದು ನನ್ನ ಕಡೆ ತಳ್ಳಿದರು. ಕಿಟಕಿಯಾಚೆ ಲಾರಿಯ ಮಿಷನ್ನು ಗುರುಗುಡುತ್ತಿತ್ತು. ಮೂರು ಗಂಟೆಯ ಎದುರಿನ ಖಾಲಿ ಜಾಗದಲ್ಲಿ ಒಂದು ಅಂಕಿ ಬರೆದು ಸಹಿ ಹಾಕಿದರೆ ನನ್ನ ಕೆಲಸ ಉಳಿಯುತ್ತದೆ, ಲಾರಿ ಹೋಗುತ್ತದೆ, ಮೇಜಿನ ಹೆಂಗಸರ ಸೀಸನ್ ಉಳಿಯುತ್ತದೆ. ಗಂಡ ಹೆಂಡತಿ ಇಬ್ಬರು ಮಾತ್ರ ಬೆಳಿಗ್ಗೆ ಗಂಟುಮೂಟೆ ಕಟ್ಟಿ ತಮ್ಮನ ಬಾಗಿಲಿಗೆ ಹೋಗಬೇಕು. ಆ ಹಣ್ಣು ಯಾವ ದೇಶದ ಯಾರ ಮಗುವಿನ ತಟ್ಟೆಗೆ ಹೋಗುತ್ತದೋ ಎಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ. ಬಂದದ್ದು ಹೊರಗೆ ನಿಂತಿದ್ದ ಆ ಹೆಂಗಸಿನ ಮೊಣಕೈ ಮಾತ್ರ.

ಪೆನ್ನು ತೆಗೆದುಕೊಂಡೆ. ಹನ್ನೆರಡು, ಒಂದು, ಎರಡು, ಈ ಮೂರು ಸಾಲನ್ನೂ ಸೇರಿಸಿ ಅಡ್ಡಗೆರೆ ಎಳೆದೆ. ಮೂರು ಗಂಟೆಯ ಖಾಲಿ ಸಾಲಿನ ಮೇಲೂ ಎಳೆದೆ. ಪಕ್ಕದಲ್ಲಿ "ಮೀಟರು ನೋಡಿಲ್ಲ" ಎಂದು ಕನ್ನಡದಲ್ಲೇ ಬರೆದು ಪೂರ್ತಿ ಸಹಿ ಹಾಕಿದೆ. ಅಕ್ಷರ ಸೊಟ್ಟಸೊಟ್ಟಗೆ ಬಂತು. ಯಜಮಾನರು ನನ್ನ ಕೈ ಹಿಡಿಯಲು ಮುಂದೆ ಬಾಗಿದರು, ಅಷ್ಟರಲ್ಲಿ ಮುಗಿದಿತ್ತು.

ಆಮೇಲೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆಡುವ ಹಕ್ಕು ಅವರಿಗಿತ್ತು. ಬಾಗಿಲು ತೆಗೆದು, "ಲಾರಿ ಕಳಿಸಿ," ಎಂದು ಹೊರಗೆ ಹೇಳಿದರು. ಕುಂಕುಮ ಹಚ್ಚಿದ ಖಾಲಿ ಲಾರಿ ಗೇಟು ದಾಟಿ ಮುಳಬಾಗಿಲಿನ ಕಡೆ ತಿರುಗಿತು. ಹೆಂಗಸರಲ್ಲಿ ಕೆಲವರು ಅತ್ತರು. ಒಬ್ಬಿಬ್ಬರು ನನ್ನನ್ನು ಬೈದದ್ದೂ ಕೇಳಿಸಿತು. ಪೆಟ್ಟಿಗೆಗಳನ್ನು ಒಡೆದು ನೋಡಿದಾಗ ಹೋಳುಗಳೆಲ್ಲ ಒಂದಕ್ಕೊಂದು ಅಂಟಿ, ಅಂಚು ಕಪ್ಪಾಗಿ, ಮುದ್ದೆಯಾಗಿದ್ದವು. ಹಿತ್ತಲಿನ ಗುಂಡಿಗೆ ಸುರಿದರು. ಇಷ್ಟೂ ಆದಮೇಲೆ ಯಜಮಾನರು ಮೇಸ್ತ್ರಿಗೆ, "ನೀನು ಹೋಗಿ ಮಿಷನ್ ನೋಡ್ಕೋ," ಎಂದರು. ಅಮೋನಿಯಾ ಮಿಷನ್ನು ಬಲ್ಲ ಇನ್ನೊಬ್ಬ ಮನುಷ್ಯ ಆ ತಾಲ್ಲೂಕಿನಲ್ಲಿ ಇರಲಿಲ್ಲ. ಶೀಟಿನ ಮನೆ ಅವರಿಗೇ ಉಳಿಯಿತು. ನನಗೆ ನಾಳೆಯಿಂದ ಬರಬೇಡ ಎಂದರು.

ಐದೂವರೆಯ ಬಸ್ಸಿಗೆ ನಾನು ಗೇಟಿನ ಹೊರಗೆ ಹುಣಸೆಮರದ ಕೆಳಗೆ ನಿಂತಿದ್ದೆ. ಮೇಸ್ತ್ರಿ ಬಂದರು. ಧನ್ಯವಾದ ಹೇಳಲು ಬಂದಿದ್ದಾರೆಂದು ನಾನು ತಿಳಿದೆ. ಅಷ್ಟೆಲ್ಲ ಆದಮೇಲೂ ನನಗೆ ಆ ಆಸೆ ಇತ್ತು. ನನ್ನಿಂದಾಗಿ ನಿಮ್ಮ ಮನೆ ಉಳಿಯಿತು ಎಂಬ ಮುಖ ಮಾಡಿಕೊಂಡು ನಿಂತೆ. ನಾನೇ ಮೊದಲು ಮಾತು ತೆಗೆದೆ.

"ನೀವು ಏನು ತಗ್ಗಿದೆ ಅಂತ ಬಿಡಿಸಿ ಹೇಳಿದ್ರೆ ಇಷ್ಟೆಲ್ಲಾ ಆಗ್ತಿರಲಿಲ್ಲ ಮೇಸ್ತ್ರಿ."

ಅವರು ರಸ್ತೆಯ ಕಡೆ ನೋಡುತ್ತಾ ನಿಂತರು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು.

"ನನಗೆ ಮಾತು ಬರಲ್ಲಮ್ಮಾ," ಎಂದರು. ಕೋಪವಿರಲಿಲ್ಲ, ದಣಿದಿದ್ದರು. "ಅಂಗಂದ್ರೆ ತಪ್ಪು, ಇಂಗಂದ್ರೆ ತಪ್ಪು. ಅದಕ್ಕೇ ಮೂರು ಸಲವೂ ನಾನೇ ಬಂದೆ. ಮೂರ್ನೇ ಸಲ ಒಳಕ್ಕೇ ಬಂದು ಎದ್ರಿಗೆ ನಿಂತ್ಕೊಂಡೆ. ನೀವು ಒಂದು ಕಿತ ತಲೆ ಎತ್ತಿ ನನ್ನ ಮುಖ ನೋಡಿದ್ರೆ ಸಾಕಾಗಿತ್ತಮ್ಮಾ."

ಬಸ್ಸು ಬಂದು ನಿಂತಿತು. ನಾನು ಹತ್ತಿ ಕೂತೆ. ಸುಗಟೂರಿನಲ್ಲಿ ಇಳಿಯುವವರೆಗೂ ಆ ಮಧ್ಯಾಹ್ನ ಅವರ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಇವತ್ತಿಗೂ ನೋಡುತ್ತೇನೆ. ಅವತ್ತು ಅವರು ಯಾವ ಬಣ್ಣದ ಅಂಗಿ ತೊಟ್ಟಿದ್ದರು ಎಂಬುದು ಕೂಡ ನನಗೆ ಗೊತ್ತಿಲ್ಲ.